ಖಾಲಿ ಒಡ್ಡಿಗೆ ಮತ್ತೆ ಕೋಳಿ ಬಂದವು

ಕಳೆದ ನವೆಂಬರಿನಲ್ಲಿ ಒಂದು ದಿನ ಬೆಳಿಗ್ಗೆ ನಮ್ಮ ಹುಂಜ ಕೂಗಲಿಲ್ಲ. ಅಡಿಕೆ ಕೊಯ್ಲಿನ ಸಮಯ, ರಾತ್ರಿ ಹತ್ತರವರೆಗೂ ಸುಲಿದು ಮಲಗಿದ್ದೆವು, ಯಾರಿಗೂ ಏನೂ ಕೇಳಿಸಿರಲಿಲ್ಲ. ಹೋಗಿ ನೋಡಿದರೆ ಒಡ್ಡಿ, ಅಂದರೆ ಕೋಳಿಗೂಡಿನ ತುಂಬಾ ಪುಕ್ಕ. 11 ಕೋಳಿ ಸತ್ತು ಬಿದ್ದಿದ್ದವು, ತಿಂದದ್ದು ಎರಡನ್ನೋ ಮೂರನ್ನೋ ಅಷ್ಟೇ. ಒಂದು ಬಿಳಿ ಹೇಂಟೆ ಮಾತ್ರ ಮಾಡಿನ ಅಡ್ಡಪಟ್ಟಿ ಮೇಲೆ ಮುದುರಿ ಕೂತಿತ್ತು. ಕೈ ಚಾಚಿದರೆ ಅಲ್ಲಾಡಲೂ ಇಲ್ಲ. ರಾತ್ರಿ ಕೋಳಿಗೆ ಕಣ್ಣು ಕಾಣುವುದಿಲ್ಲ, ಓಡುವುದಿಲ್ಲ, ಕೂತಲ್ಲೇ ಕೂತಿರುತ್ತದೆ. ಒಳಗೆ ಒಂದು ಪ್ರಾಣಿ ನುಗ್ಗಿದರೆ ಮುಗಿಯಿತು.

ಸಂಜೆ ಒಡ್ಡಿಯ ಸುತ್ತ ಒಲೆ ಬೂದಿ ಹರಡಿಟ್ಟೆ. ಬಂದದ್ದು ಮತ್ತೆ ಬಂದೇ ಬರುತ್ತದೆ ಅಂತ ಗೊತ್ತಿತ್ತು, ಬಂತು ಕೂಡ. ಮನೆ ಬೆಕ್ಕಿನ ಹೆಜ್ಜೆಯಲ್ಲಿ ನಾಲ್ಕೇ ಬೆರಳು ಮೂಡುತ್ತವೆ, ಇದರಲ್ಲಿ ಐದು. ಪುನುಗು ಬೆಕ್ಕು. ತೀರ್ಥಹಳ್ಳಿ ಕಡೆಯ ನಮ್ಮ ಎರಡು ಎಕರೆ ತೋಟದ ಬೆನ್ನಿಗೇ ಕಾಡು, ಅದು ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಒಡ್ಡಿಯ ಹಿಂಬದಿಯ ಹಲಗೆ ಕೆಳಗಡೆ ಕೊಳೆತು ಲಡ್ಡಾಗಿತ್ತು, ಮಳೆಗಾಲದಲ್ಲೇ ನೋಡಿದ್ದೆ, ಕೊಯ್ಲು ಮುಗಿಯಲಿ ಅಂತ ಬಿಟ್ಟಿದ್ದೆ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಉರುಳು ಇಡು, ವಿಷ ಇಡು ಅಂದವರೂ ಇದ್ದರು. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ, ಅದಿರಲಿ, ನನಗೆ ಮನಸ್ಸೂ ಬರಲಿಲ್ಲ. ತೋಟದ ಇಲಿ ಹಿಡಿಯುವುದೂ ಅದೇ ಪುನುಗು ಅಲ್ವಾ. ಒಂದನ್ನು ಕೊಂದರೆ ಆ ಜಾಗಕ್ಕೆ ಇನ್ನೊಂದು ಬರುತ್ತದೆ. ಪಕ್ಕದ ಮನೆ ಅಜ್ಜಿ ಹೇಳಿದ್ದೇ ಸರಿ ಅನ್ನಿಸಿತು: "ಕೋಳಿ ತರೋದು ಆಮೇಲೆ ಮಾರಾಯ, ಮೊದಲು ಒಡ್ಡಿ ನೋಡ್ಕೊ."

ಹಾಗಾಗಿ ಎರಡು ತಿಂಗಳು ಕೋಳಿ ತರಲಿಲ್ಲ. ಒಡ್ಡಿಯನ್ನೇ ಹೊಸದಾಗಿ ಕಟ್ಟಿದೆ. ನೆಲದಿಂದ ಮೂರಡಿ ಮೇಲೆ, ನಾಲ್ಕು ಕಲ್ಲುಕಂಬದ ಮೇಲೆ. ಅಂಗಡಿಯಲ್ಲಿ ಕೋಳಿ ಮೆಶ್ ಅಂತ ಕೊಡುತ್ತಾರಲ್ಲ, ಆರು ಮೂಲೆಯ ತೆಳು ತಂತಿ, ಅದು ಕೋಳಿ ಹೊರಗೆ ಹೋಗದ ಹಾಗೆ ತಡೆಯುತ್ತದೆ, ನಾಯಿ ಒಳಗೆ ಬರುವುದನ್ನು ತಡೆಯುವುದಿಲ್ಲ. ದೊಡ್ಡ ಕಣ್ಣಿನದಾದರೆ ಹಾವಂತೂ ಸಲೀಸಾಗಿ ನುಸುಳುತ್ತದೆ. ನಾನು ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್, ಅಂದರೆ ಬೆಸುಗೆ ಹಾಕಿದ ಗಟ್ಟಿ ತಂತಿಬಲೆ ತಂದೆ. ದುಡ್ಡು ಜಾಸ್ತಿ ಆಯಿತು ನಿಜ. ಗೋಡೆಗೆ ಮಾತ್ರ ಅಲ್ಲ, ತಳಕ್ಕೂ ಮಾಡಿನ ಸಂದಿಗೂ ಅದನ್ನೇ ಹೊಡೆದೆ. ಹಗಲು ಕೋಳಿ ಬಿಡುವ ಜಾಗದ ಬೇಲಿಯ ಬುಡದಲ್ಲಿ ಮೆಶ್ ಅನ್ನು ಒಂದಡಿ ಹೂತು, ಹೊರಮುಖವಾಗಿ ಮಡಚಿದ್ದೇನೆ. ನೆಲ ತೋಡಿಕೊಂಡು ಬರುವ ಪ್ರಾಣಿ ಬೇಲಿಯ ಬುಡದಲ್ಲೇ ತೋಡಲು ಶುರು ಮಾಡುವುದು, ಅಲ್ಲೇ ತಂತಿ ಸಿಕ್ಕಿದರೆ ಬಿಟ್ಟು ಹೋಗುತ್ತದೆ. ಬಾಗಿಲಿಗೆ ಎರಡು ಚಿಲಕ, ಒಂದು ಮೇಲೆ, ಒಂದು ಕೆಳಗೆ. ಒಂದೇ ಇದ್ದರೆ ಕೆಳಗಿನ ಮೂಲೆ ಸ್ವಲ್ಪ ಎದ್ದು ಸಂದಿ ಬೀಳುತ್ತದೆ.

ಫೆಬ್ರವರಿಯಲ್ಲಿ ನಾಲ್ಕು ನಾಟಿ ಹೇಂಟೆ, ಒಂದು ಹುಂಜ ತಂದೆ. ಗಿರಿರಾಜ ತಗೋ, ಬೇಗ ತೂಕ ಬರುತ್ತದೆ ಅಂದರು. ಒಳ್ಳೆಯ ತಳಿಯೇ, ನಮ್ಮ ಬೆಂಗಳೂರಿನಲ್ಲೇ ಅಭಿವೃದ್ಧಿ ಮಾಡಿದ್ದು. ಆದರೆ ಭಾರದ ಕೋಳಿ, ಹಾರಿ ತಪ್ಪಿಸಿಕೊಳ್ಳುವುದು ಕಷ್ಟ, ಕಾವಿಗೂ ಕೂರುವುದಿಲ್ಲ. ಕಾಡಿನ ಅಂಚಿಗೆ ನಾಟಿಯೇ ಸರಿ. ಮೇಲೆ ಗಿಡುಗ ಸುಳಿದರೆ ಹುಂಜ ಕುತ್ತಿಗೆ ಓರೆ ಮಾಡಿ ಒಂದೇ ಕಣ್ಣಲ್ಲಿ ಆಕಾಶ ನೋಡುತ್ತದೆ, ಗಂಟಲಲ್ಲೇ "ಕುರ್ರ್" ಅನ್ನುತ್ತದೆ, ಅಷ್ಟರಲ್ಲಿ ಹೇಂಟೆಗಳೆಲ್ಲ ಕಾಫಿ ಗಿಡದ ಬುಡದಲ್ಲಿ. ಎಷ್ಟು ಸಲ ನೋಡಿದರೂ ನಿಂತು ನೋಡುತ್ತೇನೆ.

ತಂದ ಮೇಲೆ ಹತ್ತು ದಿನ ಹೊರಗೆ ಬಿಡಲಿಲ್ಲ. ಅದೇ ತಮ್ಮ ಮನೆ ಅಂತ ಗೊತ್ತಾಗಬೇಕು, ಇಲ್ಲದಿದ್ದರೆ ಸಂಜೆ ಹಲಸಿನ ಮರ ಹತ್ತುತ್ತವೆ. ಉಳಿದಿದ್ದ ಬಿಳಿ ಹೇಂಟೆಯನ್ನೂ ಅಷ್ಟು ದಿನ ಬೇರೆಯೇ ಇಟ್ಟಿದ್ದೆ, ಹೊಸ ಕೋಳಿ ಯಾವ ರೋಗ ಹೊತ್ತು ತಂದಿರುತ್ತದೋ ಹೇಳಲಿಕ್ಕಾಗುವುದಿಲ್ಲ. ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಹಾಕಿಸಿಯೇ ಸೇರಿಸಿದೆ. ಮೊದಲ ಎರಡು ದಿನ ಕುಕ್ಕಾಟ, ಆಮೇಲೆ ಒಟ್ಟಿಗೇ ಕೆದಕಲು ಶುರು.

ಈಗ ಸೂರ್ಯ ಮುಳುಗುವ ಹೊತ್ತಿಗೆ ನಾನೋ ಮಗಳೋ ಹೋಗಿ ಎಣಿಸುತ್ತೇವೆ. ಐದು ಹೇಂಟೆ, ಒಂದು ಹುಂಜ. ಒಂದು ಕಡಿಮೆ ಇದ್ದರೂ ಟಾರ್ಚ್ ಹಿಡಿದು ಹುಡುಕಿಯೇ ಬಾಗಿಲು ಹಾಕುವುದು. ಮದುವೆ ಮನೆಯಿಂದ ಬೇಗ ಎದ್ದು ಬಂದದ್ದೂ ಉಂಟು.

ಬಿಳಿ ಹೇಂಟೆ ಕಾವಿಗೆ ಕೂತು ಇವತ್ತಿಗೆ 19 ದಿನ, ಅಡಿಯಲ್ಲಿ 11 ಮೊಟ್ಟೆ. ಲೆಕ್ಕದ ಪ್ರಕಾರ ನಾಳಿದ್ದು ಮರಿ ಒಡೆಯಬೇಕು. ಮರಿ ಬಂದರೆ ಕಾಗೆ ಕಾಟ ಬೇರೆ, ಅದಕ್ಕೇ ಹಳೆಯ ಮೀನುಬಲೆ ಹುಡುಕಿ ತೆಗೆದಿದ್ದೇನೆ. ನಾಳೆ ಬೆಳಿಗ್ಗೆ ಬೇಲಿಯ ಮೇಲೆ ಹೊದಿಸಿ ಕಟ್ಟಬೇಕು.