ಬಿ.ಎ. ಓದಿದವರ ಅರ್ಜಿ ನಮ್ಮ ಟೇಬಲ್ಲಿಗೆ ಬಂದಾಗ

ಬೆಳಗಾವಿಯ ಉದ್ಯಮಬಾಗ್‌ನ ಲೋಹ ಕರಗಿಸಿ ಅಚ್ಚಿಗೆ ಹೊಯ್ಯುವ ಒಂದು ಫೌಂಡ್ರಿಯಲ್ಲಿ ನಾನು ಎಚ್‌ಆರ್. ಆಫೀಸ್ ಕೆಲಸಕ್ಕೆ ಬರುವ ಅರ್ಜಿಗಳನ್ನು ಮೊದಲು ನಾನು ನೋಡುತ್ತೇನೆ, ಆಮೇಲೆ ಜಿಎಂ ಸಾಹೇಬರು. ಆರ್ಟ್ಸ್ ಓದಿದರೆ ಕೆಲಸ ಸಿಗಲ್ಲ ಅಂತ ಊರೆಲ್ಲ ಹೇಳುತ್ತದೆ. ಆದರೆ ಎಲ್ಲ ಆರ್ಟ್ಸ್ ಡಿಗ್ರಿಗೂ ನಮ್ಮಲ್ಲಿ ಒಂದೇ ರೇಟ್ ಇಲ್ಲ. ಆ ರೇಟ್ ಕಟ್ಟುವ ರೀತಿ ನೋಡಿದರೆ ಒಮ್ಮೊಮ್ಮೆ ನಗು ಬರುತ್ತದೆ.

ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಆದವರಿಗೆ ಬಾಗಿಲು ಬೇಗ ತೆರೆಯುತ್ತದೆ. ಅದೇನು ಪ್ರೀತಿಯಿಂದಲ್ಲ, ಕಾನೂನಿನ ಭಯದಿಂದ. 500 ಕಾರ್ಮಿಕರಿದ್ದರೆ ಕಲ್ಯಾಣಾಧಿಕಾರಿ ಇರಲೇಬೇಕು ಅಂತ 1948ರ ಕಾರ್ಖಾನೆ ಕಾಯ್ದೆ ಹೇಳಿತ್ತು. 2020ರ ಹೊಸ ಕಾರ್ಮಿಕ ಸಂಹಿತೆಯಲ್ಲಿ ಅದು 250ಕ್ಕೆ ಇಳಿದಿದೆ. ಆ ಕುರ್ಚಿಗೆ ಸಮಾಜಕಾರ್ಯ ಓದಿದವರನ್ನೇ ಹುಡುಕುವುದು ರೂಢಿ. ವಿಜಯಪುರದ ಮಹಿಳಾ ವಿವಿಯಲ್ಲಿ ಎಂಎಸ್‌ಡಬ್ಲ್ಯು ಮಾಡಿದ ನಾನೂ ಅದೇ ಬಾಗಿಲಿನಿಂದ ಬಂದವಳು.

ಇಂಗ್ಲಿಷ್ ಎಂ.ಎ. ಅಂದರೆ ಸಾಹೇಬರು ನೆಟ್ಟಗೆ ಕೂರುತ್ತಾರೆ. ಹೊರದೇಶದ ಗಿರಾಕಿಗಳಿಗೆ ಇವರು ಚೆನ್ನಾಗಿ ಮೇಲ್ ಬರೆಯುತ್ತಾರೆ ಅಂತ ಆಸೆ. ನಾಟಕ, ಕಾದಂಬರಿ ಓದಿದವರಿಗೆ ಕಾಸ್ಟಿಂಗ್ (ಅಚ್ಚಿನಲ್ಲಿ ಹೊಯ್ದ ಭಾಗ) ಯಾಕೆ ತಡವಾಯಿತು ಅಂತ ನಾಲ್ಕು ಸಾಲಲ್ಲಿ ಬರೆಯಲು ಬಂದೇ ಬರುತ್ತದೆ ಅಂತೇನಿಲ್ಲ, ಅಲ್ವಾ? ಅರ್ಥಶಾಸ್ತ್ರದವರನ್ನು ಅಕೌಂಟ್ಸ್‌ನವರು 'ಟ್ಯಾಲಿ ಬರ್ತೈತೇನು?' ಅಂತ ಕೇಳಿ ಕಳಿಸಿಬಿಡುತ್ತಾರೆ; ಅವರಿಗೆ ಬಿ.ಕಾಂ. ಬೇಕು. ಸೈಕಾಲಜಿ ಓದಿದ ಒಬ್ಬ ಹುಡುಗಿಗೆ ಸಾಹೇಬರು ಕೇಳಿದ್ದು, 'ನನ್ನ ಮನಸ್ನ್ಯಾಗ ಏನೈತಿ ಹೇಳು ನೋಡೋಣ.' ಅವಳು, 'ಊಟದ ಟೈಮ್ ಆತು ಅಂತ ಐತ್ರಿ ಸರ್' ಅಂದಳು. ಕೆಲಸ ಸಿಕ್ಕಿತು.

ಇತಿಹಾಸ, ಕನ್ನಡ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಅಂದರೆ ಮಾತ್ರ ಒಂದೇ ತಕರಾರು. 'ಇವ್ರು ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ಓದಾಕತ್ತಿರ್ತಾರ್ರಿ, ಇಲ್ಲಿ ನಿಲ್ಲಂಗಿಲ್ಲ.' ಪೂರ್ತಿ ಸುಳ್ಳಲ್ಲ. ಆದರೆ ಆ ಪರೀಕ್ಷೆಗಳಿಗೆ ಯಾವ ಡಿಗ್ರಿ ಆದರೂ ನಡೆಯುತ್ತದೆ. ನಮ್ಮಲ್ಲಿಂದ ಪಿಎಸ್‌ಐ ಆಗಿ ಹೋದವನು ಮೆಕ್ಯಾನಿಕಲ್ ಇಂಜಿನಿಯರ್!

ಹಾಜರಿ, ಪಾಳಿಗಳ ಲೆಕ್ಕ ನೋಡುವ ಟೈಮ್ ಆಫೀಸಿಗೆ ಬರುವವರಿಗೆ ನಾನು ಒಂದು ಸಣ್ಣ ಕೆಲಸ ಕೊಡುತ್ತೇನೆ. ಸೋಮವಾರದಿಂದ ರಾತ್ರಿ ಪಾಳಿ 10ರ ಬದಲು 11ಕ್ಕೆ ಶುರು, ಇದಕ್ಕೊಂದು ನೋಟಿಸ್ ಬರೆಯಿರಿ ಅಂತ. ಕಳೆದ ಸಲ ಕನ್ನಡ ಎಂ.ಎ. ಹುಡುಗ 'ಸಮಸ್ತ ಕಾರ್ಮಿಕ ಬಾಂಧವರಲ್ಲಿ ಈ ಮೂಲಕ ವಿನಂತಿಸಿಕೊಳ್ಳುವುದೇನೆಂದರೆ' ಅಂತ ಶುರು ಮಾಡಿ, ಪಾಳಿಯ ಸುದ್ದಿಗೆ ಬರುವಷ್ಟರಲ್ಲಿ ಅರ್ಧ ಪುಟ ಮುಗಿಸಿದ್ದ. ಒಬ್ಬ ಎಂಬಿಎ ಇಂಗ್ಲಿಷಲ್ಲಿ ಮಾತ್ರ ಬರೆದ. ಅಥಣಿ ಕಡೆಯ ಹುಡುಗಿಯೊಬ್ಬಳು, ಇತಿಹಾಸ ಬಿ.ಎ., ಪೆನ್ನು ಹಿಡಿಯುವ ಮೊದಲೇ ಕೇಳಿದಳು: 'ಮೇಡಂ, ಬಸ್ಸಿನ ಟೈಮೂ ಬದಲಾಗ್ತೈತೇನ್ರಿ?' ಹೂಂ ಅಂದೆ. ಅವಳು ಬರೆದದ್ದು ಇಷ್ಟೇ:

'ಸೋಮವಾರದಿಂದ ರಾತ್ರಿ ಪಾಳಿ 11 ಗಂಟೆಗೆ. ಬಸ್ಸು ಬೋಗಾರ್‌ವೇಸ್‌ನಿಂದ 10:15ಕ್ಕೆ ಬಿಡುತ್ತದೆ. ಬೆಳಗಿನ ಪಾಳಿಯಲ್ಲಿ ಬದಲಾವಣೆ ಇಲ್ಲ.'

ಕೆಳಗೆ ಅದನ್ನೇ ಮರಾಠಿಯಲ್ಲೂ ಬರೆದಳು. ನಮ್ಮ ಮೋಲ್ಡಿಂಗ್ ಶಾಪಿನಲ್ಲಿ ಮಹಾರಾಷ್ಟ್ರದ ಚಂದಗಡ ಕಡೆಯವರು ಜಾಸ್ತಿ, ಅದು ಅವಳಿಗೆ ಗೇಟಿನಲ್ಲಿ ಕಾಯುವಾಗಲೇ ಕಿವಿಗೆ ಬಿದ್ದಿತ್ತಂತೆ. ಇದನ್ನು ಇತಿಹಾಸದ ಪುಣ್ಯ ಅನ್ನಬೇಕೋ, ಸುಮ್ನೆ ಹುಡುಗಿ ಚುರುಕು ಅನ್ನಬೇಕೋ! ತನ್ನ ಊರಿನ ಹಳೇ ಬಾವಿಗಳ ಬಗ್ಗೆ ಮನೆಮನೆ ತಿರುಗಿ ಕಾಲೇಜಿನ ಪ್ರಾಜೆಕ್ಟ್ ಮಾಡಿದ್ದಳು. ಬಯೋಡೇಟಾದಲ್ಲಿ ಅದರ ಒಂದಕ್ಷರವೂ ಇರಲಿಲ್ಲ. ಅಲ್ಲಿದ್ದದ್ದು ಪರ್ಸೆಂಟೇಜು, ಹವ್ಯಾಸ, ತಂದೆಯ ಹೆಸರು. ಸಾಹೇಬರಿಗೆ ಬಾವಿಯ ಕತೆ ನಾನೇ ಹೇಳಬೇಕಾಯಿತು. 'ಮತ್ತ ಇದನ್ನ ಬರಿಯಾಕ ಏನಾಗಿತ್ತ?' ಅಂದರು. ನನ್ನ ಪ್ರಶ್ನೆಯೂ ಅದೇ.

ಟೈಮ್ ಆಫೀಸಿಗೆ ಇನ್ನೊಬ್ಬರು ಬೇಕು, ಡಿಗ್ರಿ ಯಾವುದಾದರೂ ಸರಿ. ಬರುವವರು ಮಾರ್ಕ್ಸ್‌ಕಾರ್ಡಿನ ಜೊತೆ ಕಾಲೇಜಿನ ಪ್ರಾಜೆಕ್ಟ್ ರಿಪೋರ್ಟನ್ನೂ ತನ್ನಿ. ಬೈಂಡಿಂಗ್ ಹರಿದಿದ್ದರೂ ನಡೆಯುತ್ತದೆ.