ಪ್ರೀಮಿಯರ್ ಸೋತ ಕ್ಷೇತ್ರದಲ್ಲಿ ನನ್ನ ಮೊದಲ ಮತ

2024ರ ಅಕ್ಟೋಬರ್ 19ರಂದು ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಮಳೆ ಹಿಡಿದುಕೊಂಡು ಹೊಡೆಯುತ್ತಿತ್ತು. ಪ್ರಾಂತ್ಯದ ವಿಧಾನಸಭೆಗೆ ಮತದಾನ ನಡೆದದ್ದೂ ಅಂದೇ. ಹತ್ತು ಲಕ್ಷಕ್ಕೂ ಹೆಚ್ಚು ಜನ ಮುಂಗಡವಾಗಿಯೇ ಮತ ಹಾಕಿದ್ದರು. ನಾನು ಮಾತ್ರ ಬೇಕೆಂದೇ ಆ ದಿನಕ್ಕೆ ಕಾದಿದ್ದೆ. ಪೌರತ್ವ ಬಂದ ಮೇಲಿನ ಮೊದಲ ವಿಧಾನಸಭಾ ಚುನಾವಣೆ ಇದು. ಮತದಾನದ ದಿನವೇ ಹೋಗಿ ಹಾಕಬೇಕೆಂಬ ಆಸೆ. ಅಪ್ಪ ಮೈಸೂರು ಬಳಿಯ ಇಲವಾಲದ ಕಡೆ ಮೇಷ್ಟರಾಗಿದ್ದವರು. ಚುನಾವಣೆ ಡ್ಯೂಟಿಯೆಂದರೆ ಬೇರೆಯವರು ಗೊಣಗುತ್ತಿದ್ದರೆ, ಇವರು ಹಿಂದಿನ ದಿನವೇ ಬಟ್ಟೆ ಇಸ್ತ್ರಿ ಮಾಡಿಸಿಕೊಂಡು ಮತಗಟ್ಟೆಯ ಸಾಮಗ್ರಿ ಪಡೆಯುವ ಮಸ್ಟರಿಂಗ್ ಕೇಂದ್ರಕ್ಕೆ ಹೊರಡುತ್ತಿದ್ದರು. ಮತದಾನ ಮುಗಿದ ಮೇಲೆ ಅದನ್ನೆಲ್ಲ ಹಿಂದಿರುಗಿಸುವುದೇ ಡಿಮಸ್ಟರಿಂಗ್. ಆ ಮನೆಯಲ್ಲಿ ಬೆಳೆದವಳು ನಾನು.

ನನ್ನ ಕ್ಷೇತ್ರ ವ್ಯಾಂಕೂವರ್–ಪಾಯಿಂಟ್ ಗ್ರೇ. ನಗರದ ಪಶ್ಚಿಮ ತುದಿ, ಸಮುದ್ರದ ಅಂಚು, ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಆಸುಪಾಸು. ಹೊಸ ಊರಿನಲ್ಲಿ ಬಾಡಿಗೆ, ಬಸ್ಸು, ಅಂಗಡಿಗಳ ಬಗ್ಗೆ ವಿಚಾರಿಸಿಕೊಂಡಂತೆ ನಾನು ಈ ಕ್ಷೇತ್ರದ ಚರಿತ್ರೆಯನ್ನೂ ವಿಚಾರಿಸಿಕೊಂಡೆ. 1933ರಿಂದ ಇರುವ ಈ ಕ್ಷೇತ್ರ 1991ರವರೆಗೂ ಒಬ್ಬರಿಗಿಂತ ಹೆಚ್ಚು ಶಾಸಕರನ್ನು ಆರಿಸುತ್ತಿತ್ತು. 1986ರಲ್ಲಿ ಇಲ್ಲಿಂದ ಗೆದ್ದ ಇಬ್ಬರೂ ಮಹಿಳೆಯರು, ಅದೂ ಎದುರಾಳಿ ಪಕ್ಷಗಳವರು: ಸೋಷಿಯಲ್ ಕ್ರೆಡಿಟ್‌ನ ಕಿಮ್ ಕ್ಯಾಂಬೆಲ್ ಮತ್ತು ನ್ಯೂ ಡೆಮಾಕ್ರಟಿಕ್ ಪಕ್ಷದ ಡಾರ್ಲೀನ್ ಮರ್ಜಾರಿ. ಕಿಮ್ ಕ್ಯಾಂಬೆಲ್ 1993ರಲ್ಲಿ ಕೆನಡಾದ ಮೊದಲ ಮಹಿಳಾ ಪ್ರಧಾನಿಯಾದರು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು 2013ರ ಚುನಾವಣೆ. ಪ್ರೀಮಿಯರ್ ಎಂದರೆ ಇಲ್ಲಿನ ಮುಖ್ಯಮಂತ್ರಿ. ಗೋರ್ಡನ್ ಕ್ಯಾಂಬೆಲ್ ಈ ಕ್ಷೇತ್ರದಿಂದಲೇ ಗೆದ್ದು ಹತ್ತು ವರ್ಷ ಪ್ರೀಮಿಯರ್ ಆಗಿದ್ದರು. ಅವರ ಜಾಗಕ್ಕೆ ಬಂದ ಕ್ರಿಸ್ಟಿ ಕ್ಲಾರ್ಕ್ 2011ರ ಉಪಚುನಾವಣೆಯಲ್ಲಿ ಯುವ ವಕೀಲ ಡೇವಿಡ್ ಈಬಿ ಅವರನ್ನು ಆರುನೂರಕ್ಕೂ ಕಡಿಮೆ ಮತಗಳಿಂದ ಸೋಲಿಸಿದರು. ಎರಡು ವರ್ಷದ ನಂತರ ಸಮೀಕ್ಷೆಗಳೆಲ್ಲ ಅವರ ಪಕ್ಷ ಮುಳುಗಿತೆಂದು ಹೇಳುತ್ತಿದ್ದರೂ ಕ್ಲಾರ್ಕ್ 85ರಲ್ಲಿ 49 ಸ್ಥಾನ ಗೆದ್ದು ಅಧಿಕಾರ ಉಳಿಸಿಕೊಂಡರು. ಅದೇ ರಾತ್ರಿ ತಮ್ಮ ಸ್ವಂತ ಕ್ಷೇತ್ರದಲ್ಲಿ ಅದೇ ಈಬಿ ಎದುರು ಸೋತರು! ಪ್ರಾಂತ್ಯ ಬೇಕು ಎಂದಿತು, ಪಾಯಿಂಟ್ ಗ್ರೇ ಬೇಡ ಎಂದಿತು.

ಚಾಮುಂಡೇಶ್ವರಿ ಕ್ಷೇತ್ರದವಳಿಗೆ ಇದು ಅರ್ಥವಾಗದೆ ಇರುತ್ತದೆಯೇ? 2018ರಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ನಮ್ಮಲ್ಲಿ 36,042 ಮತಗಳಿಂದ ಸೋತರು, ಬಾದಾಮಿಯಲ್ಲಿ 1,696 ಮತಗಳಿಂದ ಗೆದ್ದರು. ಇಲ್ಲಿ ಎರಡು ಕಡೆ ನಿಲ್ಲುವ ಅವಕಾಶವಿಲ್ಲ. ಕ್ಲಾರ್ಕ್ ಅವರಿಗಾಗಿ ಕೆಲೋನಾ ಕಡೆಯ ಶಾಸಕರೊಬ್ಬರು ರಾಜೀನಾಮೆ ಕೊಟ್ಟು, ಉಪಚುನಾವಣೆ ನಡೆದು, ಜುಲೈನಲ್ಲಿ ಅವರು ಸದನಕ್ಕೆ ಬಂದರು. ಒಬ್ಬರು ಒಂದೇ ಕಡೆ ನಿಲ್ಲಬೇಕೆಂಬ ನಿಯಮವೇ ನನಗೆ ಹೆಚ್ಚು ಸರಿ ಎನಿಸುತ್ತದೆ. ಆಗ ಕ್ಷೇತ್ರದ ಮಾತಿಗೆ ನಿಜವಾದ ತೂಕ ಬರುತ್ತದೆ.

ಮತಗಟ್ಟೆಯಲ್ಲಿ ಗುರುತಿನ ಚೀಟಿ ನೋಡಿ, ಉದ್ದನೆಯ ಮತಪತ್ರ ಕೊಟ್ಟರು. ಚಿಹ್ನೆಗಳಿಲ್ಲ, ಫೋಟೋಗಳಿಲ್ಲ, ಹೆಸರು, ಅದರ ಜೊತೆ ಪಕ್ಷ, ಪಕ್ಕದಲ್ಲಿ ಒಂದು ಖಾಲಿ ವೃತ್ತ. ಆ ಹೊತ್ತಿಗೆ ಪ್ರೀಮಿಯರ್ ಆಗಿದ್ದ ಈಬಿಯವರ ಹೆಸರೂ ಉಳಿದವರಷ್ಟೇ ದಪ್ಪದ ಅಕ್ಷರದಲ್ಲಿತ್ತು. ಕ್ಲಾರ್ಕ್ ಅವರ ಪಕ್ಷದ ಹೆಸರು ಮಾತ್ರ ಇರಲಿಲ್ಲ. ಹೆಸರು ಬದಲಿಸಿಕೊಂಡಿದ್ದ ಆ ಪಕ್ಷ ಆಗಸ್ಟ್ ಕೊನೆಯಲ್ಲಿ ಕಣದಿಂದಲೇ ಹಿಂದೆ ಸರಿದಿತ್ತು. ಹದಿನಾರು ವರ್ಷ ಆಳಿದ ಪಕ್ಷ!

ವೃತ್ತ ತುಂಬುವ ಮೊದಲು ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ಭಾರತೀಯ ಮೂಲದವರ ಮತದಾನದ ಹಕ್ಕನ್ನು ಈ ಪ್ರಾಂತ್ಯ 1907ರಲ್ಲಿ ಕಿತ್ತುಕೊಂಡು, 1947ರಲ್ಲಿ ಮರಳಿಸಿತು. ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ವಕೀಲಿ ವೃತ್ತಿಯ ಬಾಗಿಲೂ ಮುಚ್ಚಿತ್ತು. ಇದೇ ಕ್ಷೇತ್ರದ ಮೊದಲ ಹದಿನಾಲ್ಕು ವರ್ಷ ನನ್ನಂಥವಳೊಬ್ಬಳು ಈ ಕಾಗದವನ್ನು ಮುಟ್ಟುವಂತಿರಲಿಲ್ಲ. ಮರದ ಕಾರ್ಖಾನೆಗಳಲ್ಲಿ ದುಡಿಯುತ್ತಾ, ಅರ್ಜಿ ಹಿಡಿದು ಓಡಾಡಿ ಆ ಹಕ್ಕನ್ನು ಮರಳಿ ಪಡೆದವರ ಋಣ ನನ್ನ ಮೇಲಿದೆ. ವೃತ್ತವನ್ನು ಅಂಚು ಬಿಡದೆ ತುಂಬಿದೆ. ಮತಪತ್ರವನ್ನು ರಟ್ಟಿನ ಹೊದಿಕೆಯೊಳಗಿಟ್ಟು ಎಣಿಕೆ ಯಂತ್ರದ ಬಾಯಿಗೆ ಹಿಡಿದಾಗ ಅದು ಸರ್ರನೆ ಒಳಗೆಳೆದುಕೊಂಡಿತು.

ಹೊರಗೆ ಬಂದು ಅಪ್ಪನಿಗೆ ಕರೆ ಮಾಡಿದೆ. ಅಲ್ಲಿ ರಾತ್ರಿ ಹತ್ತು ದಾಟಿತ್ತು.

"ಏಜೆಂಟರು ಕೂತಿದ್ದರೇನಮ್ಮ? ಬೆರಳಿಗೆ ಶಾಯಿ ಹಾಕಿದರಾ?"

"ಶಾಯಿ ಇಲ್ಲ ಅಪ್ಪ."

"ಹಾಗಾದರೆ ಮತ ಹಾಕಿದ್ದೀಯ ಎಂದು ಊರಿಗೆ ಹೇಗೆ ಗೊತ್ತಾಗಬೇಕು?" ಅವರಿಗೆ ನಿಜಕ್ಕೂ ಬೇಸರವಾಗಿತ್ತು.

ಈಬಿ ಪಾಯಿಂಟ್ ಗ್ರೇಯಲ್ಲಿ ಗೆದ್ದರು. ಆದರೆ ಸರ್ಕಾರ ಯಾರದೆಂದು ಆ ರಾತ್ರಿ ತಿಳಿಯಲಿಲ್ಲ. ಒಂದು ವಾರಕ್ಕೂ ಹೆಚ್ಚು ಕಾಲ ಅಪ್ಪ ದಿನವೂ ಫಲಿತಾಂಶ ಕೇಳುತ್ತಿದ್ದರು. ಕೊನೆಗೆ ಸರ್ರಿ–ಗಿಲ್ಡ್‌ಫರ್ಡ್ ಕ್ಷೇತ್ರದ 27 ಮತಗಳ ಅಂತರ ಈಬಿಯವರ ಪಕ್ಷಕ್ಕೆ 93ರಲ್ಲಿ 47 ಸ್ಥಾನ ಕೊಟ್ಟಿತು. ನ್ಯಾಯಾಲಯದ ಮರುಎಣಿಕೆಯಲ್ಲಿ ಆ ಅಂತರ 22 ಮತಗಳಿಗೆ ಇಳಿಯಿತು. ಪ್ರಿನ್ಸ್ ಜಾರ್ಜ್–ಮೆಕೆಂಜಿಯಲ್ಲಿ 861 ಮತಗಳಿದ್ದ ಪೆಟ್ಟಿಗೆಯೊಂದು ಲೆಕ್ಕಕ್ಕೇ ಸೇರಿರಲಿಲ್ಲವೆಂದು ನವೆಂಬರ್‌ನಲ್ಲಿ ಬಯಲಾಯಿತು. ಅಲ್ಲಿನ ಗೆಲುವು ಬದಲಾಗಲಿಲ್ಲ ಎಂದು ನಾನು ಹೇಳುತ್ತಿದ್ದರೂ ಅಪ್ಪ ಕೇಳಿಸಿಕೊಳ್ಳಲಿಲ್ಲ.

"ಗೆಲುವಿನ ಮಾತು ಬಿಡಮ್ಮ. ಡಿಮಸ್ಟರಿಂಗ್‌ನಲ್ಲಿ ಆ ಪೆಟ್ಟಿಗೆಗೆ ಸಹಿ ಹಾಕಿದವರು ಯಾರು, ಅದನ್ನು ಹೇಳು" ಎಂದರು.