ಗೀಟು ಹಾಕಿದ ಲೋಟ

ಬಳಸಿ ಬಿಸಾಡುವ ಒಂದು ಪ್ಲಾಸ್ಟಿಕ್ ಲೋಟ. ಅದನ್ನು ಕಸದ ಚೀಲಕ್ಕೆ ಹಾಕಿದ್ದು ನಾನೇ. ಇಷ್ಟು ತಿಂಗಳಾದರೂ ನೆನಪಾದಾಗೆಲ್ಲ ಮೈ ಮುದುಡುತ್ತದೆ. ಅದಕ್ಕೇ ಬರೆದುಬಿಡುತ್ತಿದ್ದೇನೆ.

ನಾನು ಯೆರೂಸಲೇಮಿನ ಕಿರ್ಯತ್ ಯೋವೆಲ್‌ನಲ್ಲಿ ಒಬ್ಬರು ಸಾವ್ತಾನನ್ನು, ಅಂದರೆ ಅಜ್ಜಿಯನ್ನು, ನೋಡಿಕೊಳ್ಳುವ ಮೆತಾಪೆಲೆತ್, ಆರೈಕೆಯವಳು. ಇದು ನಾಲ್ಕನೇ ವರ್ಷ. ಸಾವ್ತಾಗೆ 88, ಶುಗರ್ ಇದೆ, ಸೊಂಟ ಮುರಿದಾಗಿನಿಂದ ಟ್ರಾನ್ಸ್‌ಫರ್ ಎಲ್ಲ ಹೋಯರ್ ಎಂಬ ಎತ್ತುವ ಯಂತ್ರದ ಮೇಲೇ. ಇಲ್ಲಿಗೆ ಬರುವ ಮೊದಲು ಜಿಎನ್‌ಎಂ ನರ್ಸಿಂಗ್ ಕೋರ್ಸು ಮುಗಿಸಿ ಮಂಗಳೂರಿನ ಲೇಬರ್ ವಾರ್ಡಿನಲ್ಲಿ ಐದು ವರ್ಷ ದುಡಿದವಳು ನಾನು. ನನ್ನ ವೀಸಾಕ್ಕೆ ಅದು ಗೊತ್ತಿಲ್ಲ, ಏಜೆನ್ಸಿಗೆ ಬೇಕಾಗಿಲ್ಲ. ಅವರ ಪಟ್ಟಿಯಲ್ಲಿ ನಾನೆಂದರೆ ಪ್ಯಾಂಪರ್ಸ್, ಮಾತ್ರೆ, ಸ್ನಾನ, ವಾಕರ್, ಅಷ್ಟೇ.

2025ರ ಅಕ್ಟೋಬರ್ 2. ಊರಲ್ಲಿ ವಿಜಯದಶಮಿ, ಇಲ್ಲಿ ಯೋಮ್ ಕಿಪ್ಪೂರ್, ಯಹೂದಿಗಳ ಪ್ರಾಯಶ್ಚಿತ್ತದ ದೊಡ್ಡ ಉಪವಾಸ. ಹಿಂದಿನ ದಿನ ಬೆಳಿಗ್ಗೆಯಿಂದಲೇ ನನ್ನ ತಮ್ಮ ಆಯುಧಪೂಜೆಯ ಫೋಟೋ ಕಳಿಸುತ್ತಿದ್ದ, ಬೈಕಿಗೆ ಹೂವು, ಅಡಿಕೆ ಸುಲಿಯುವ ಮೆಷಿನ್ನಿಗೂ ಕುಂಕುಮ. ಇಲ್ಲಿ ಅದೇ ಹೊತ್ತಿಗೆ ಮನೆಮನೆಯಲ್ಲೂ ಕೊನೆಯ ಊಟದ ಗಡಿಬಿಡಿ. ಸಂಜೆ ಆರರೊಳಗೆ ಬಾಯಿ ಕಟ್ಟಿದರೆ ಮರುದಿನ ಏಳರ ತನಕ, ಒಟ್ಟು 25 ತಾಸು, ಅನ್ನವೂ ಇಲ್ಲ, ನೀರೂ ಇಲ್ಲ. ಬಾಯಿ ಮುಕ್ಕಳಿಸುವ ಹಾಗಿಲ್ಲ, ಸ್ನಾನ ಇಲ್ಲ, ಚರ್ಮದ ಚಪ್ಪಲಿ ಇಲ್ಲ. ಬಿಳಿ ಬಟ್ಟೆ ಉಟ್ಟ ಗಂಭೀರ ಮುಖದ ಅಜ್ಜಂದಿರು ಕ್ರಾಕ್ಸ್ ಮೆಟ್ಟಿಕೊಂಡು ಸಿನಗಾಗಿಗೆ, ಅವರ ಪ್ರಾರ್ಥನಾ ಮಂದಿರಕ್ಕೆ, ಹೊರಡುತ್ತಾರೆ. ಬಸ್ಸಿಲ್ಲ, ಟಿವಿ ಇಲ್ಲ, ವಿಮಾನವೂ ಹಾರುವುದಿಲ್ಲ. ಖಾಲಿ ರಸ್ತೆಯಲ್ಲಿ ಬರೀ ಮಕ್ಕಳ ಸೈಕಲ್ಲು. ನಮ್ಮಮ್ಮನ ಶನಿವಾರದ ಒಪ್ಪತ್ತನ್ನು ಇವರಿಗೆ ಉಪವಾಸವೆಂದು ಹೇಳುವುದಕ್ಕೇ ನನಗೆ ನಾಚಿಕೆ. ಮೊಸರವಲಕ್ಕಿ, ಎರಡು ಬಾಳೆಹಣ್ಣು, ಮೂರು ಸಲ ಚಾ.

ಆ ಸಲ ಸಾವ್ತಾ ಮನೆಗೆ ಮೊಮ್ಮಗಳೂ ಬಂದಿದ್ದಳು. ಚೊಚ್ಚಲ ಬಸುರಿ, 33 ವಾರ. ಗಂಡನಿಗೆ ಇಡೀ ದಿನ ಸಿನಗಾಗ್. ಅವಳಿಗೆ ರಬ್ಬಿಯ, ಅಂದರೆ ಅವರ ಧರ್ಮಗುರುವಿನ, ಮಾತು ಇಷ್ಟು: ಸಿನಗಾಗಿಗೆ ಬರಬೇಡ, ಎಸಿ ಹಾಕಿ ಮಲಗಿರು, ಪ್ರಾರ್ಥನೆಗೆ ಬಂದು ಉಪವಾಸ ಮುರಿಯುವುದಕ್ಕಿಂತ ಮನೆಯಲ್ಲಿ ಮಲಗಿ ಉಪವಾಸ ಹಿಡಿಯುವುದೇ ದೊಡ್ಡದು. ಒಂದು ವಾರ ಹಿಂದೆ, ಗೆದಲ್ಯನ ಉಪವಾಸದ ದಿನ, ಇದೇ ಹುಡುಗಿ ನನ್ನೆದುರು ಕೂತು ಎರಡು ಮೊಟ್ಟೆಯ ಆಮ್ಲೆಟ್ ತಿಂದಿದ್ದಳು. ಸಣ್ಣ ಉಪವಾಸಗಳಲ್ಲಿ ಬಸುರಿಯರಿಗೆ ವಿನಾಯಿತಿ. ಯೋಮ್ ಕಿಪ್ಪೂರಿಗೆ ಹಾಗಿಲ್ಲ, ಆರೋಗ್ಯವಾಗಿರುವ ಬಸುರಿಯೂ ಎಲ್ಲರಂತೆ ಹಿಡಿಯಬೇಕು. ಹೆತ್ತ ಮೂರು ದಿನದೊಳಗಿನ ಬಾಣಂತಿಯಾದರೆ ಯಾರೂ ಏನೂ ಕೇಳುವಂತಿಲ್ಲ. ಇಷ್ಟು ನನಗೆ ಗೊತ್ತಿತ್ತು. ಇಷ್ಟು ಗೊತ್ತಿದ್ದದ್ದಕ್ಕೇ ಎಲ್ಲ ಗೊತ್ತು ಎಂದುಕೊಂಡಿದ್ದೆ.

ಒಂದನೇ ತಾರೀಖು ಸಂಜೆ ಐದರ ಸುಮಾರಿಗೆ ಅವಳು ಸಿಂಕಿನ ಹತ್ತಿರ ನಿಂತು ಬಾಯಿಯ ಒಂದು ಮಗ್ಗುಲಿಗೆ ನೀರು ತುಂಬಿಕೊಂಡಳು. ಒಂದು ಕೆನ್ನೆ ಮಂಗನ ಹಾಗೆ ಉಬ್ಬಿತು. ಆ ನೀರನ್ನು ನುಂಗಲಿಲ್ಲ, ಒಂದು ಪ್ಲಾಸ್ಟಿಕ್ ಲೋಟಕ್ಕೆ ಉಗಿದಳು. ಲೋಟವನ್ನು ಬೆಳಕಿಗೆ ಹಿಡಿದು, ನೀರಿನ ಮಟ್ಟಕ್ಕಿಂತ ಒಂದಿಷ್ಟು ಕೆಳಗೆ ಕರಿ ಮಾರ್ಕರ್‌ನಿಂದ ಗೀಟೆಳೆದಳು. ಆಮೇಲೆ ಕಿಟಕಿಯ ಪುದೀನ ಕುಂಡದ ಹಿಂದೆ ಇಟ್ಟು ಹೋದಳು. ಸಾವ್ತಾ ರಾತ್ರಿಯ ಮಾತ್ರೆ ಎಣಿಸುತ್ತಾ ನಾನು ಇದನ್ನೆಲ್ಲ ನೋಡಿದೆ. ಕೇಳಲಿಲ್ಲ. ಅವರ ಧರ್ಮದ ಏನೋ ಶಾಸ್ತ್ರ, ನಮಗೇಕೆ ಎಂದು ಸುಮ್ಮನಾದೆ. ಅರ್ಧ ಗಂಟೆ ಬಿಟ್ಟು ಅಡುಗೆಮನೆ ಒರೆಸುವಾಗ ಲೋಟ ಕೈಗೆ ಸಿಕ್ಕಿತು. ಒಳಗೆ ಎಂಜಲು ನೀರು. ಎಂಜಲು ನೀರಿನ ಲೋಟವನ್ನು ಅಡುಗೆಮನೆಯಲ್ಲಿ ಯಾರಾದರೂ ಇಟ್ಟುಕೊಳ್ಳುತ್ತಾರಾ? ಚೆಲ್ಲಿದೆ, ಜಜ್ಜಿ ಚೀಲಕ್ಕೆ ಹಾಕಿದೆ, ಗಂಟು ಕಟ್ಟಿ ಕೆಳಗಿನ ದೊಡ್ಡ ಡಬ್ಬಿಗೆ ಬಿಸಾಡಿ ಬಂದೆ. ಮನೆ ಚೊಕ್ಕಟವಾಯಿತು ಎಂಬ ಸಮಾಧಾನ ಬೇರೆ.

ಮರುದಿನದ ನನ್ನ ಗಮನವೆಲ್ಲ ಸಾವ್ತಾ ಮೇಲೆ. ಅವರು ಉಪವಾಸ ಹಿಡಿಯುವ ಹಾಗಿಲ್ಲ, ಡಾಕ್ಟರೂ ರಬ್ಬಿಯೂ ಒಂದೇ ಮಾತು. ಆದರೆ ಪ್ರತಿ ವರ್ಷ ಅದೇ ರಂಪ. ಬೆಳಿಗ್ಗೆ ಏಳಕ್ಕೆ ಶುಗರ್ 94. ಬ್ರೆಡ್ಡು, ಬಿಳಿ ಚೀಸು ತಟ್ಟೆಗೆ ಹಾಕಿಟ್ಟರೆ ಮುಖ ಗೋಡೆಗೆ. ನಲವತ್ತು ನಿಮಿಷ ಪುಸಲಾಯಿಸಿದ ಮೇಲೆ ಅಳುತ್ತಾ ನಾಲ್ಕು ತುತ್ತು ತಿಂದರು. ಮಾತ್ರೆಗೆ 30 ಮಿಲಿಯ ಔಷಧಿ ಲೋಟದಲ್ಲಿ ನೀರು ಕೊಟ್ಟರೆ ಅದನ್ನೂ ತಿರುಗಿಸಿ ತಿರುಗಿಸಿ ನೋಡಿ, ಏನೋ ಗೊಣಗಿ ಕುಡಿದರು. ಮಧ್ಯಾಹ್ನವೂ ಹಾಗೇ. ಹಬ್ಬದ ದಿನಕ್ಕೆ ರಿಲೀವರ್ ಕೇಳಿ ಮೂರು ವಾರ ಮೊದಲೇ ಮೆಸೇಜು ಹಾಕಿದ್ದೆ. ಏಜೆನ್ಸಿಯಿಂದ ಬಂದದ್ದು ಒಂದು ಹೆಬ್ಬೆರಳು, ಮತ್ತೆ ಒಂದು ಕೈಮುಗಿಯುವ ಗೊಂಬೆ. ರಿಲೀವರ್ ಬರಲಿಲ್ಲ.

ಎರಡೂವರೆಗೆ ಸಾವ್ತಾ ಮಲಗಿದರು. ಊರಲ್ಲಿ ಆಗ ಸಂಜೆ ಐದು, ಮೈಸೂರಿನಲ್ಲಿ ಜಂಬೂಸವಾರಿ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಅಡುಗೆಮನೆಯ ಮೂಲೆಯಲ್ಲಿ ಕೂತು ಅಭಿಮನ್ಯು ಅಂಬಾರಿ ಹೊತ್ತು ಬರುವುದನ್ನು ನೋಡುತ್ತಿದ್ದೆ. ಮೊಮ್ಮಗಳು ಬಂದಳು. ಕಿಟಕಿ ಹತ್ತಿರ ಹೋದಳು, ಕುಂಡ ಸರಿಸಿದಳು. ಮೇಲಿನ ಕಪಾಟು ತೆಗೆದಳು, ಕೆಳಗಿನದು ತೆಗೆದಳು. ಹೋದಳು. ಐದು ನಿಮಿಷಕ್ಕೆ ಮತ್ತೆ ಬಂದು ಫ್ರಿಜ್ಜಿನ ಪಕ್ಕ ಬಗ್ಗಿ ನೋಡಿದಳು. ಪಾಪ, ಹಸಿವು ತಡೆಯುತ್ತಿಲ್ಲ, ಕೈ ತಾನಾಗಿ ತಿಂಡಿ ಹುಡುಕುತ್ತಿದೆ ಎಂದುಕೊಂಡೆ. ಇಯರ್‌ಫೋನ್ ಒಂದು ಕಿವಿಯಿಂದ ತೆಗೆದು, ನಕ್ಕು, ನನ್ನ ಹರಕು ಹೀಬ್ರೂವಿನಲ್ಲಿ ಹೇಳಿದೆ: “ಗಟ್ಟಿಯಾಗಿರು ಮೋತೆಕ್, ಇನ್ನು ನಾಲ್ಕೇ ತಾಸು!” ಮೋತೆಕ್ ಅಂದರೆ ಇಲ್ಲಿ ಚಿನ್ನ, ಪುಟ್ಟ ಎಂದ ಹಾಗೆ.

ಅವಳು ತಲೆಯಾಡಿಸಿ ಹೋಗಿ ಮಲಗಿದಳು. ನಾನು ಇನ್ನೊಂದು ಕಿವಿಗೂ ಇಯರ್‌ಫೋನ್ ಸಿಕ್ಕಿಸಿದೆ.

ಈಗ ಯೋಚಿಸಿದರೆ ಆ ಹತ್ತು ನಿಮಿಷದಲ್ಲಿ ಕಣ್ಣಿಗೆ ಬೀಳದ ಒಂದೇ ಒಂದು ಲಕ್ಷಣ ಇರಲಿಲ್ಲ. ತುಟಿ ಬಿರಿದಿತ್ತು. ಬಗ್ಗುವಾಗ ಕೈ ಸೊಂಟದ ಹಿಂದೆ ಹೋಗುತ್ತಿತ್ತು. ಲೇಬರ್ ವಾರ್ಡಿನ ಬಾಗಿಲಲ್ಲಿ ಯಾರಾದರೂ ಹಾಗೆ ನಿಂತಿದ್ದರೆ ಕೇಸ್ ಶೀಟ್ ನೋಡುವ ಮೊದಲೇ ಎಡಮಗ್ಗುಲಿಗೆ ಮಲಗಿಸಿರುತ್ತಿದ್ದೆ. ಇಲ್ಲಿ ನಾನು ಮೆತಾಪೆಲೆತ್, ಅವಳು ನನ್ನ ಪೇಶಂಟ್ ಅಲ್ಲ. ಕಣ್ಣಿಗೂ ಡ್ಯೂಟಿ ಹಂಚಿಬಿಟ್ಟಿದ್ದೆ.

ಮೂರು ಹತ್ತಕ್ಕೆ ಬಾಗಿಲ ಚೌಕಟ್ಟು ಹಿಡಿದು ನಿಂತಳು. “ಬೆನ್ನು” ಎಂದಳು, ಅಷ್ಟೇ. ಉಚ್ಚೆ ಯಾವಾಗ ಹೋಯಿತು ಎಂದು ಕೇಳಿದೆ. ಬೆಳಿಗ್ಗೆ ಒಂಬತ್ತಕ್ಕೆ. ಬಣ್ಣ? ಮೇಜಿನ ಮೇಲಿದ್ದ ಚಾದ ಗ್ಲಾಸು ತೋರಿಸಿದಳು. ಮಲಗಿಸಿ ಗರ್ಭಕೋಶದ ಮೇಲ್ತುದಿ, ಫಂಡಸ್ ಮೇಲೆ ಕೈ ಇಟ್ಟೆ. ಮೊದಲು ಮೆತ್ತಗಿತ್ತು. ಆಮೇಲೆ ಅಂಗೈ ಕೆಳಗೆ ನಿಧಾನಕ್ಕೆ ಗಟ್ಟಿಯಾಗುತ್ತಾ ಬಂದು ಸಿಪ್ಪೆ ಸುಲಿದ ತೆಂಗಿನಕಾಯಿಯಂತೆ ನಿಂತಿತು. ಗಡಿಯಾರ ನೋಡಿದೆ, ನಲವತ್ತು ಸೆಕೆಂಡ್. ಸಡಿಲವಾಯಿತು. 3.17ಕ್ಕೆ ಮತ್ತೆ. 3.23ಕ್ಕೆ ಮತ್ತೆ.

ಮಂಗಳೂರಿನ ಮೇ ತಿಂಗಳಲ್ಲಿ ಇಂಥದ್ದನ್ನು ಬೇಕಾದಷ್ಟು ನೋಡಿದ್ದೇನೆ. ಬಿಸಿಲಲ್ಲಿ ಬಸ್ಸಿನಲ್ಲಿ ನೀರಿಲ್ಲದೆ ಬಂದವರಿಗೆ ಹೊಟ್ಟೆ ಬಿಗಿಯುತ್ತದೆ. ಒಂದು ಬಾಟ್ಲು ಆರ್‌ಎಲ್ ಡ್ರಿಪ್ ಹೋದರೆ ಎಷ್ಟೋ ಸಲ ನೋವು ಮಾಯ. ಬಾಯಾರಿಕೆಯ ಹಾರ್ಮೋನೂ ಹೆರಿಗೆ ನೋವಿನ ಹಾರ್ಮೋನೂ ಒಂದೇ ಗ್ರಂಥಿಯಿಂದ ಬರುವ ಅಕ್ಕತಂಗಿಯರು ಎಂದು ಟ್ಯೂಟರ್ ಹೇಳುತ್ತಿದ್ದರು. ಇದೇ ಯೆರೂಸಲೇಮಿನ ಡಾಕ್ಟರುಗಳು 1983ರಲ್ಲೇ ಅಮೆರಿಕದ ಜಾಮಾ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದಾರಂತೆ, ಯೋಮ್ ಕಿಪ್ಪೂರ್ ಮುಗಿಯುತ್ತಿದ್ದಂತೆ ಹೆರಿಗೆಗಳು ಏರುತ್ತವೆ ಎಂದು. ಅದನ್ನು ನಾನು ಓದಿದ್ದು ಆಮೇಲೆ. ಆದರೆ ಆ ಕ್ಷಣಕ್ಕೆ ಓದು ಬೇಕಿರಲಿಲ್ಲ, ಕೈಗೇ ಗೊತ್ತಾಗಿತ್ತು. ದಿನ ತುಂಬಿದವಳಾದರೆ ಸರಿ, ಇದು 33 ವಾರ.

ದೊಡ್ಡ ಗ್ಲಾಸಿನಲ್ಲಿ ನೀರು ತಂದೆ. ಅವಳು ಬಾಯಿ ಮುಚ್ಚಿಕೊಂಡಳು. “ನನ್ನ ಲೋಟ ಬೇಕು.”

“ಯಾವ ಲೋಟ?”

“ಕಿಟಕಿ ಹತ್ತಿರ ಇಟ್ಟಿದ್ದೆ. ಗೀಟು ಹಾಕಿದ್ದು.”

ನನ್ನ ಕಿವಿ ಬಿಸಿಯಾಯಿತು. ಅದು ಅವಳ ಅಳತೆ. ಒಂದು ಕೆನ್ನೆ ತುಂಬುವುದಕ್ಕಿಂತ ಕಡಿಮೆ ನೀರು, ಒಂಬತ್ತು ನಿಮಿಷಕ್ಕೊಮ್ಮೆ. ಹಾಗೆ ಕುಡಿದರೆ ಶಾಸ್ತ್ರದ ಲೆಕ್ಕದಲ್ಲಿ ಅದು ಪೂರ್ತಿ ಕುಡಿದಂತಲ್ಲ. ತಲೆ ಸುತ್ತಿದರೆ, ಹೊಟ್ಟೆ ಬಿಗಿದರೆ ಹಾಗೆ ಶುರುಮಾಡು ಎಂದು ರಬ್ಬಿ ಮೊದಲೇ ಹೇಳಿದ್ದರು. ಎರಡೂವರೆಗೆ ಅವಳು ತಿಂಡಿ ಹುಡುಕಿದ್ದಲ್ಲ, ಲೋಟ ಹುಡುಕಿದ್ದು. ಹಬ್ಬದ ದಿನ ಮಾರ್ಕರ್ ಮುಟ್ಟುವಂತಿಲ್ಲ, ಇನ್ನೊಂದಕ್ಕೆ ಗೀಟು ಹಾಕುವುದು ಹೇಗೆ?

“ಬಿಸಾಡಿದೆ” ಎಂದೆ. ಹೀಬ್ರೂವಿನಲ್ಲಿ ಆ ಪದ ಅಷ್ಟು ಸಲೀಸಾಗಿ ನನ್ನ ಬಾಯಿಂದ ಹಿಂದೆಂದೂ ಬಂದಿರಲಿಲ್ಲ.

ಪಕ್ಕದ ಕೋಣೆಯಿಂದ ಸಾವ್ತಾ ಧ್ವನಿ. ಮಲಗಿದ್ದಾರೆ, ಮರೆವು ಬೇರೆ, ಇವರಿಗೇನು ತಿಳಿಯುತ್ತದೆ ಎಂದುಕೊಂಡಿದ್ದೆ. “ನನ್ನ ಮಾತ್ರೆ ಲೋಟ ಕೊಡು ಅವಳಿಗೆ.”

30 ಮಿಲಿ. ಕೆನ್ನೆಯ ಅಳತೆಗಿಂತ ಕಡಿಮೆಯೇ. ಬೆಳಿಗ್ಗೆ ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದ್ದು ಯಾಕೆ ಎಂದು ಆಗ ಹೊಳೆಯಿತು.

ಇಲ್ಲಿ ನನ್ನ ಎರಡನೇ ತಪ್ಪು. ಆರು ನಿಮಿಷಕ್ಕೊಮ್ಮೆ ಹೊಟ್ಟೆ ಬಿಗಿಯುತ್ತಿರುವವಳಿಗೆ ಮೂವತ್ತು ಮಿಲಿ ಕುಡಿಸಿ, ಗೋಡೆ ಗಡಿಯಾರ ನೋಡುತ್ತಾ ನಿಂತೆ, ಲೇಬರ್ ವಾರ್ಡಿನಲ್ಲಿ ಐದು ವರ್ಷ ಕಳೆದ ನಾನು. ನನ್ನ ತಪ್ಪಿಗೆ ಪ್ರಾಯಶ್ಚಿತ್ತವೆಂಬಂತೆ ಅವಳ ನಿಯಮವನ್ನು ಅವಳಿಗಿಂತ ಹೆಚ್ಚು ಪಾಲಿಸುತ್ತಿದ್ದೆ. ಸೆಕೆಂಡಿನ ಮುಳ್ಳು ಒಂದೊಂದು ಹೆಜ್ಜೆಗೂ ಟಕ್ಕೆಂದು ನಿಂತು ಯೋಚಿಸಿ ಮುಂದೆ ಹೋಗುತ್ತಿತ್ತು. ಒಂಬತ್ತು ನಿಮಿಷದೊಳಗೆ ಒಮ್ಮೆ ಬಿಗಿಯಿತು. ಎರಡನೇ ಲೋಟ. ಮತ್ತೆ ಒಂಬತ್ತು. ಅದರೊಳಗೆ ಎರಡು ಸಲ ಬಿಗಿಯಿತು.

“ಇನ್ನೂ ಲೆಕ್ಕ ಹಾಕ್ತಿದ್ದೀರಾ?” ಸಾವ್ತಾ ಕೂಗಿದರು. “ಅಳತೆ ಇರುವುದು ತಡೆಯಬಲ್ಲವರಿಗೆ. ದೊಡ್ಡ ಗ್ಲಾಸು ಕೊಡು. ನೀನು ಕುಡಿ. ಅವಳು ಫೋನ್ ಮಾಡಲಿ.”

ಮೊಮ್ಮಗಳು ಗಟಗಟ ಕುಡಿದಳು, ಅಳುತ್ತಾ. ನಾನು ಬಾಲ್ಕನಿಗೆ ಹೋಗಿ ಆಂಬುಲೆನ್ಸಿನ 101ಕ್ಕೆ ಫೋನ್ ಮಾಡಿದೆ. ಗಂಡನಿಗೆ, ಅವಳ ತಾಯಿಗೆ ಮಾಡಿ ಪ್ರಯೋಜನವಿಲ್ಲ, ಇಡೀ ಊರಿನ ಫೋನುಗಳು ಬಾಯಿ ಮುಚ್ಚಿರುವ ದಿನ. ಕೆಳಗೆ ರಸ್ತೆಯ ನಟ್ಟನಡುವೆ ಸೈಕಲ್ ಬಿಡುತ್ತಿದ್ದ ಎದುರು ಮನೆಯ ಹುಡುಗನನ್ನು ಕೂಗಿ ಸಿನಗಾಗಿಗೆ ಓಡಿಸಿದೆ. ಆಂಬುಲೆನ್ಸ್ ಬಂದಾಗ ಹತ್ತಲು ಹಿಂದೆಮುಂದೆ ನೋಡಿದಳು. ಸಾವ್ತಾ ಒಳಗಿಂದ ಎರಡೇ ಪದ ಅಂದರು, “ಪಿಕುವಾಹ್ ನೆಫೆಶ್.” ಜೀವ ಮೊದಲು. ಹತ್ತಿದಳು. ನಾನು ಜೊತೆಗೆ ಹೋಗುವ ಹಾಗಿಲ್ಲ, ಸಾವ್ತಾನನ್ನು ಒಂಟಿ ಬಿಡುವಂತಿಲ್ಲ. ಬಿಳಿ ಬಟ್ಟೆಯ ಗಂಡ ಕ್ರಾಕ್ಸ್‌ನಲ್ಲಿ ಏದುಸಿರು ಬಿಡುತ್ತಾ ಓಡಿ ಬಂದು ಬಾಗಿಲು ಮುಚ್ಚುವ ಹೊತ್ತಿಗೆ ಒಳಗೆ ಹಾರಿಕೊಂಡದ್ದನ್ನು ಬಾಲ್ಕನಿಯಿಂದ ನೋಡಿದೆ.

ಏಳಾಗುತ್ತಿದ್ದಂತೆ ಮನೆಯ ಫೋನುಗಳೆಲ್ಲ ಒಟ್ಟಿಗೆ ಬಡಿದುಕೊಳ್ಳತೊಡಗಿದವು. ಎರಡು ಡ್ರಿಪ್ ಹೋದ ಮೇಲೆ ನೋವು ನಿಂತಿತ್ತು. ರಾತ್ರಿ ಇಟ್ಟುಕೊಂಡು ಮರುದಿನ ಕಳಿಸಿದರು. ನವೆಂಬರಿನಲ್ಲಿ ದಿನ ತುಂಬಿ ಹೆಣ್ಣು ಹೆತ್ತಳು.

ಲೋಟದ ವಿಷಯ ಕೇಳಿ ಗಂಡ ಜೋರಾಗಿ ನಕ್ಕ. ಅವಳು ನಗಲಿಲ್ಲ. “ಕಾಣದಿದ್ದಾಗ, ಕುಡಿಯಬೇಡ ಅಂತ ದೇವರೇ ಎತ್ತಿಟ್ಟಿದ್ದಾನೆ ಅಂದುಕೊಂಡೆ” ಎಂದಳು. “ಆಮೇಲೆ ನೀನೂ ಗಟ್ಟಿಯಾಗಿರು ಅಂದೆ.” ಇದನ್ನು ಬೈಗುಳದಂತೆ ಹೇಳಿದ್ದರೆ ವಾಸಿಯಿತ್ತು.

ಅವರಲ್ಲಿ ಇನ್ನೊಂದು ಮಾತಿದೆಯಂತೆ, ಗಂಡ ಹೇಳಿದ. ರೋಗಿ ನನಗೆ ಬೇಕು ಎಂದರೆ, ಬೇಡವೆನ್ನುವ ಡಾಕ್ಟರುಗಳು ನೂರು ಮಂದಿ ಇದ್ದರೂ ರೋಗಿಯ ಮಾತೇ ಮೇಲು. ತನ್ನ ಸಂಕಟ ತನ್ನ ಹೃದಯಕ್ಕೇ ಗೊತ್ತು. ನಮ್ಮ ವಾರ್ಡಿನಲ್ಲಿ “ಸಿಸ್ಟರ್, ತಡೆಯೋಕಾಗ್ತಿಲ್ಲ” ಎಂದವರಿಗೆ “ಸುಮ್ನಿರಮ್ಮ, ಇನ್ನೂ ಮೂರೇ ಸೆಂಟಿಮೀಟರ್ ತೆರೆದಿರೋದು” ಎಂದು ಎಷ್ಟು ಸಲ ಹೇಳಿದ್ದೇನೋ.

ತಿಂಗಳ ವಿಸಿಟ್ಟಿಗೆ ಬಂದ ಏಜೆನ್ಸಿಯ ಸೋಷಿಯಲ್ ವರ್ಕರ್ ಫಾರ್ಮ್ ತೆಗೆದು ಕೂತಳು. ಕ್ಲೈಂಟ್ ಬಿದ್ದರೇ, ಇಲ್ಲ. ಕ್ಲೈಂಟಿಗೆ ಹುಣ್ಣಾಯಿತೇ, ಇಲ್ಲ. ಆಂಬುಲೆನ್ಸ್ ಯಾಕೆ? ಹೇಳಿದೆ. ಕ್ಲೈಂಟ್ ಅಲ್ಲದವರ ಹೊಟ್ಟೆ ಮೇಲೆ ಯಾಕೆ ಕೈ ಇಟ್ಟೆ ಎಂದಳು. ಇನ್ನೂ ಮೊದಲೇ ಇಡಬೇಕಿತ್ತು ಎಂದೆ. ಅದನ್ನು ಬರೆಯಲು ಫಾರ್ಮಿನಲ್ಲಿ ಜಾಗ ಇರಲಿಲ್ಲ. ಆ ದಿನದ ಹಬ್ಬದ ಸಂಬಳ ಇವತ್ತಿನ ತನಕ ಬಂದಿಲ್ಲ, ಅದೂ ಬರೆಯಿಸಿಕೊಳ್ಳಿ ಎಂದೆ. ಪೆನ್ನು ಮುಚ್ಚಿದಳು.

ಆಮೇಲೆ ಈ ಮನೆಯಲ್ಲಿ ಕೇಳದೆ ಒಂದು ಚಮಚವನ್ನೂ ನಾನು ಎತ್ತಿಲ್ಲ. ಡಿಸೆಂಬರ್ ಕೊನೆಗೆ ಅವರ ತೇವೆತ್ ತಿಂಗಳ ಹತ್ತರ ಸಣ್ಣ ಉಪವಾಸದ ದಿನ ಮೊಮ್ಮಗಳು ಮಗು ಎತ್ತಿಕೊಂಡು ಬಂದಳು. ಹಾಲೂಡುವವಳಲ್ಲವೇ, ವಿನಾಯಿತಿ, ಆಮ್ಲೆಟ್ ತಿಂದಳು. ಸಿಂಕಿನ ಪಕ್ಕ ಅರ್ಧ ಕುಡಿದ ಪ್ಲಾಸ್ಟಿಕ್ ಲೋಟ ಇಟ್ಟು ಹೋದಳು. ನಾನು ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದೆ, ಗೀಟಿಲ್ಲ. ಆದರೂ ಸಾವ್ತಾ ಕೋಣೆಗೆ ತೆಗೆದುಕೊಂಡು ಹೋಗಿ ಕೇಳಿದೆ, ಇದನ್ನು ಬಿಸಾಡಲಾ?

ಸಾವ್ತಾ ಕನ್ನಡಕ ಹಾಕಿಕೊಂಡರು, ಲೋಟ ಇಸಿದುಕೊಂಡು ಮೂಸಿದರು.

“ಚಾ, ಮೋತೆಕ್. ಬರೀ ಚಾ.”